ಗಾಳಿ ಹೋಗದ ಊದುಗೊಳವೆ

ನಮ್ಮ ಅಡುಗೆಮನೆ ಕಿಟಕಿಗೆ ಒಂದು ಸ್ಟೀಲಿನ ಕೊಳವೆ ಆನಿಸಿ ಇಟ್ಟಿದ್ದೀನಿ. ಗೇಣಿಗಿಂತ ಒಂದಿಷ್ಟು ಉದ್ದ, ಕಿರುಬೆರಳಷ್ಟು ದಪ್ಪ, ಎರಡು ಕೊನೆಗೂ ನಟ್ಟು. ಗಾಳಿ ಬೀಸಿದಾಗ ಕಿಟಕಿ ಬಾಗಿಲು ಪಟಪಟ ಹೊಡ್ಕೊಳ್ಳದ ಹಾಗೆ ತಡೆಯೋದು ಅದರ ಈಗಿನ ಕೆಲಸ. ಮನೆಗೆ ಬಂದವರೆಲ್ಲ ಇದೇನು ಅಂತ ಕೇಳ್ತಾರೆ. ಗ್ಯಾಸ್ ಸಿಲಿಂಡರ್ ತರೋನು ಸೈಕಲ್ ಪಂಪಿನ ಒಳಗಿನ ಕಡ್ಡಿ ಅಂದ. ಎದುರುಮನೆಯವಳು ಕರ್ಟನ್ ರಾಡು ಮುರಿದುಹೋಯ್ತಾ ಅಂದಳು. ನಮ್ಮ ಮನೆ ಕೆಳಗಡೆ ಲೇತ್ ಮೆಷಿನ್ ಇಟ್ಟಿರೋ ಬಾಡಿಗೆಯವನು ಮಾತ್ರ ಕೈಯಲ್ಲಿ ತೂಗಿ ನೋಡಿ, "ಒಳ್ಳೆ ಮಾಲು ಅಮ್ಮ. ಒಳಗೆ ಏನೋ ಗಟ್ಟಿಯಾಗಿ ತುಂಬವ್ರೆ" ಅಂದ. ಕಾಮಾಕ್ಷಿಪಾಳ್ಯದಲ್ಲಿ ಲೋಹ ತಿಳಿದವರಿಗೇನೂ ಬರ ಇಲ್ಲ.

ನಾನು ಮೊದಲ ಸಲ ನೋಡಿದಾಗ ಅದನ್ನ ಊದುಗೊಳವೆ ಅಂದ್ಕೊಂಡೆ. ನಿಮಗೆ ನಗು ಬರಬಹುದು. ಮನೇಲಿ ಗ್ಯಾಸ್ ಇದೆ, ಗೀಸರ್ ಇದೆ. ಆದರೂ ಟೆರೇಸಿನ ಮೂಲೆಯಲ್ಲಿ ಮೂರು ಕಲ್ಲಿಟ್ಟು ಹಂಡೆಯಲ್ಲೇ ಸ್ನಾನದ ನೀರು ಕಾಯಿಸ್ತೀನಿ. ಪಕ್ಕದ ಬಡಗಿ ಅಂಗಡಿಯ ಚಕ್ಕೆ ಪುಕ್ಕಟೆ ಸಿಗುತ್ತೆ, ಬಿಟ್ಟಿ ಸೌದೆ ಯಾಕೆ ಬಿಡಬೇಕು. ನನ್ನ ಹಳೇ ಕಬ್ಬಿಣದ ಊದುಗೊಳವೆ ತುಕ್ಕು ಹಿಡಿದು ನಡುವೆ ತೂತಾಗಿತ್ತು. ಸರಿಯಾಗಿ ಆ ಹೊತ್ತಿಗೆ ಸೊಸೆ ಪುಷ್ಪನ ಬ್ಯಾಗಿಂದ ಇದು ಇಣುಕ್ತಾ ಇತ್ತು. ತಗೊಂಡೆ, ಒಲೆ ಮುಂದೆ ಕೂತೆ, ಊದಿದೆ. ಗಾಳಿ ಹೋಗಲಿಲ್ಲ. ಇನ್ನೂ ಜೋರಾಗಿ ಊದಿದೆ. ಕೆನ್ನೆ ಬೋಂಡ ಆಯ್ತು, ಕಣ್ಣು ಹೊರಗೆ ಬಂತು, ಒಲೆಯ ಬೂದಿ ಮಾತ್ರ ಅಲ್ಲಾಡಲಿಲ್ಲ.

ಬಟ್ಟೆ ಒಣಗಾಕೋಕೆ ಮೇಲೆ ಬಂದ ಪುಷ್ಪ ನೋಡಿದಳು. ಬಕೆಟ್ ಅಲ್ಲೇ ಕುಕ್ಕಿ ಓಡಿ ಬಂದಳು.

"ಅತ್ತೆ, ಅದನ್ನ ಬಾಯಿಗಿಟ್ಕೋಬೇಡಿ. ಉಗೀರಿ, ಮೊದ್ಲು ಉಗೀರಿ."

"ಏನೇ ಇದು? ಮುಚ್ಚಿರೋ ಕೊಳವೆ ಯಾರಾದ್ರೂ ಮಾಡ್ತಾರಾ?"

"ಅದು ನಮ್ಮ ಲ್ಯಾಬ್ ಮೆಷಿನ್ನಿಗೆ ಹಾಕೋ ಕಾಲಮ್ಮು ಅತ್ತೆ. ಒಳಗೆ ಪುಡಿ ಗಿಡಿದು ತುಂಬಿರ್ತಾರೆ. ಎಂಥೆಂಥದೋ ಕೆಮಿಕಲ್ ಹೋಗಿರುತ್ತೆ ಅದರಲ್ಲಿ. ಬಾಯಿ ತೊಳ್ಕೊಳಿ."

"ಈ ಬಾಯಿಗೆ ಎಷ್ಟೋ ವರ್ಷ ಹೊಗೆಸೊಪ್ಪು ಹಾಕಿದ್ದೀನಿ. ನಿನ್ನ ಕೆಮಿಕಲ್ಲೇ ಹೆದರ್ಕೋಬೇಕು" ಅಂದೆ. ಅಂದು ಬಾಯಿ ತೊಳ್ಕೊಂಡೆ. ಸಂಜೆವರೆಗೂ ಕನ್ನಡಿ ಮುಂದೆ ಹೋಗಿ ಹೋಗಿ ನಾಲಿಗೆ ಚಾಚಿ ನೋಡ್ಕೊಂಡಿದ್ದನ್ನ ಅವಳಿಗೆ ಇನ್ನೂ ಹೇಳಿಲ್ಲ.

ಆ ಕೊಳವೆಗೆ ವಯಸ್ಸಾಗಿತ್ತಂತೆ, ಮೆಷಿನ್ ಪಾಲಿಗೆ ಅದು ಸತ್ತ ಹಾಗೆ. ನನ್ನ ಪಾಲಿಗೆ ಕಿಟಕಿ ಕಾಯೋಕೆ ಸಾಕು ಅಂತ ತೊಳೆಸಿ ಇಟ್ಕೊಂಡೆ.

ಪುಷ್ಪ ಮಾಗಡಿ ರಸ್ತೆ ಹಿಂದುಗಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡ್ತಾಳೆ. ಎಣ್ಣೆ, ಬೇಳೆ, ಮಸಾಲೆ ಪುಡಿ ಇವನ್ನೆಲ್ಲ ಪರೀಕ್ಷೆ ಮಾಡಿ ಒಳಗೆ ಏನೇನಿದೆ ಅಂತ ಬರೆದುಕೊಡೋ ಲ್ಯಾಬು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನಾನು ಲ್ಯಾಬು ಅಂದರೆ ರಕ್ತ ಮೂತ್ರ ನೋಡೋ ಲ್ಯಾಬೇ ಅಂತ ತಿಳಿದು ಬೀದಿಗೆಲ್ಲ ಹಾಗೇ ಹೇಳಿದ್ದೆ. ನನ್ನ ಓರಗಿತ್ತಿ ತಿಮ್ಮಕ್ಕ ಸಕ್ಕರೆ ಕಾಯಿಲೆಯವಳು. ಬೆಳಿಗ್ಗೆ ಬೆಳಿಗ್ಗೆ ಸೆರಗಿನಲ್ಲಿ ಬಾಟ್ಲಿ ಮುಚ್ಚಿಕೊಂಡು ಬಂದು, "ಪುಷ್ಪ ಆಫೀಸಿಗೆ ಹೋಗ್ತಾ ಇದನ್ನ ತಗೊಂಡೋಗ್ಲಿ" ಅಂದಳು. ಹೊಸ ಸೊಸೆ ಮುಖ ಏನಾಗಿರಬೇಕು ನೀವೇ ನೆನೆಸ್ಕೊಳ್ಳಿ.

ಆಮೇಲೆ ಪುಷ್ಪ ನನ್ನ ಕೂರಿಸ್ಕೊಂಡು ತನ್ನ ಕೆಲಸ ತೋರಿಸಿದಳು. ಒಂದು ಉದ್ದನೆ ಕಾಗದದ ಪಟ್ಟಿ ತಗೊಂಡು ಕೆಳಗಡೆ ಕಪ್ಪು ಸ್ಕೆಚ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಳು. ಪಟ್ಟಿಯ ಕೊನೆಯನ್ನ ನೀರಿನ ಲೋಟಕ್ಕೆ ಇಳಿಬಿಟ್ಟಳು. ನೀರು ಕಾಗದ ಹತ್ತಿಕೊಂಡು ಹೋಗ್ತಾ ಹೋಗ್ತಾ ಕಪ್ಪು ಚುಕ್ಕೆ ಒಡೀತು. ನೀಲಿ ಒಂದು ಕಡೆ, ಕೆಂಪು ಒಂದು ಕಡೆ, ಹಳದಿ ಇನ್ನೊಂದು ಕಡೆ. ಇಷ್ಟು ದಿನ ನಾನು ಕಪ್ಪು ಅಂದ್ಕೊಂಡಿದ್ದು ಕಪ್ಪೇ ಅಲ್ಲ. "ಕೊಳವೆ ಮಾಡೋದೂ ಇಷ್ಟೇ ಅತ್ತೆ. ಕಲೆತಿರೋದನ್ನ ಬಿಡಿಸುತ್ತೆ" ಅಂದಳು.

ನನಗೆ ಇದು ತಿಮ್ಮಕ್ಕನ ಲೆಕ್ಕದಲ್ಲಿ ಅರ್ಥ ಆಯ್ತು. ನಾನೂ ಅವಳೂ ಒಟ್ಟಿಗೆ ಮನೆ ಬಿಟ್ಟು ಬೀದಿ ಕೊನೆಯ ಸೊಪ್ಪಿನ ಅಂಗಡಿಗೆ ಹೋಗ್ತಿದ್ವು. ನಾನು ಯಾರ ಬಾಗಿಲಲ್ಲೂ ನಿಲ್ಲೋಳಲ್ಲ, ಬೀದಿಯಲ್ಲಿ ಅರ್ಧ ಜನದ ಜೊತೆ ನನಗೆ ಮಾತಿಲ್ಲ. ಅವಳಿಗೆ ಬಾಗಿಲಿಗೊಬ್ಬರು ನೆಂಟರು. ಒಬ್ಬರ ಸೊಂಟನೋವು ಕೇಳಬೇಕು, ಒಬ್ಬರ ಮಗಳ ಹೆರಿಗೆ ಕೇಳಬೇಕು. ನಾನು ಸೊಪ್ಪು ತಗೊಂಡು ವಾಪಸು ಬರೋವಾಗ ಅವಳು ಇನ್ನೂ ನಡುಬೀದಿಯಲ್ಲಿರ್ತಿದ್ದಳು. ಬೀದಿ ಕೊನೆಯಲ್ಲಿ ಒಬ್ಬನು ಗಡಿಯಾರ ಹಿಡಿದು ನಿಂತರೆ ಮುಖ ನೋಡದೆ ಹೇಳಬಹುದು, ಬೇಗ ಬಂದವಳು ನಂಜಮ್ಮ, ತಡವಾಗಿ ಬಂದವಳು ತಿಮ್ಮಕ್ಕ ಅಂತ. ಕೊಳವೆ ಒಳಗಿನ ಪುಡಿ ನಮ್ಮ ಬೀದಿ. ಅದಕ್ಕೆ ಅಂಟಿಕೊಳ್ಳೋದು ತಡವಾಗಿ ಬರುತ್ತೆ, ಅಂಟದೇ ಇರೋದು ನೆಟ್ಟಗೆ ಬರುತ್ತೆ.

ಪುಷ್ಪ ನಕ್ಕಳು. "ಸುಮಾರು ಸರಿ ಅತ್ತೆ. ಆದ್ರೆ ನೀವೂ ಒಂದು ಕಡೆ ನಿಲ್ತೀರಿ."

"ನಾನೆಲ್ಲಿ ನಿಲ್ತೀನಿ?"

"ಹೊಗೆಸೊಪ್ಪಿನ ಅಂಗಡೀಲಿ."

ಅವಳಿಗೆ ಕಣ್ಣು ಚುರುಕು. ಅದಕ್ಕೇ ಆ ಕೆಲಸ ಕೊಟ್ಟಿರೋದು.

ಇನ್ನು ಕೊಳವೆಯವರ ವಿಷಯ. ಹಾಗಂತ ಹೆಸರಿಟ್ಟವಳು ನಾನೇ. ಪೀಣ್ಯದ ಔಷಧಿ ಕಂಪನಿಗಳವರು, ಕಾಲೇಜಿನವರು, ನೀರು ನೋಡೋರು, ಮೆಷಿನ್ ರಿಪೇರಿಯವರು, ಈ ಕೊಳವೆ ಹಿಡಿದು ಬದುಕೋ ಜನವೆಲ್ಲ ಸೇರಿ ಒಂದು ಮೊಬೈಲ್ ಗ್ರೂಪ್ ಮಾಡ್ಕೊಂಡಿದ್ದಾರೆ. ತಿಂಗಳ ಮೊದಲನೇ ಭಾನುವಾರ ಅತ್ತಿಗುಪ್ಪೆ ಮೆಟ್ರೋ ಹತ್ತಿರ ಒಂದು ಟೀ ಅಂಗಡಿ ಮುಂದೆ ಸೇರ್ತಿದ್ದರಂತೆ. ಒಂದೊಂದು ಟೀ ಕುಡಿದು ಊಟದ ಹೊತ್ತಿನವರೆಗೂ ಮಾತಾಡಿದರೆ ಯಾವ ಅಂಗಡಿಯವನು ಸುಮ್ಮನಿರ್ತಾನೆ. ಓಡಿಸಿದ. ಪುಷ್ಪ ಬಂದು, "ಅತ್ತೆ, ನಮ್ಮ ಟೆರೇಸಿನ ಶೀಟ್ ಕೆಳಗೆ ಕೂರಬಹುದಾ?" ಅಂತ ಕೇಳಿದಳು. "ಕೂರಲಿ. ಚಪ್ಪಲಿ ಕೆಳಗೆ ಬಿಡಲಿ" ಅಂದೆ.

ಮೊದಲನೇ ದಿನ ಅವರ ಮಾತು ಕೇಳಿ ಯಾರೋ ಸತ್ತಿದ್ದಾರೆ ಅಂದ್ಕೊಂಡೆ. ಮೆಷಿನ್ನಿಂದ ಬರೋ ಗೆರೆಯಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಗೋಪುರ ಏಳುತ್ತೆ, ಅದಕ್ಕೆ ಪೀಕ್ ಅಂತಾರೆ. ಒಬ್ಬರು ಗಾಳಿಯಲ್ಲಿ ಕೈಯಿಂದ ಗೋಪುರ ಬರೀತಾರೆ, ಇನ್ನೊಬ್ಬರು ಆ ಗೋಪುರಕ್ಕೆ ಒಂದು ಬಾಲ ಎಳೀತಾರೆ, ಕೂತವರೆಲ್ಲ ಅಯ್ಯೋ ಅಂತಾರೆ. ಪಂಪಿನಲ್ಲಿ ಗಾಳಿಗುಳ್ಳೆ ಸೇರಿದ್ದನ್ನ ಮಗುವಿಗೆ ಹೊಟ್ಟೆ ಉಬ್ಬರಿಸಿದ ಹಾಗೆ ಹೇಳ್ಕೋತಾರೆ. ಕೆಲಸದ ದಿನ ಒಬ್ಬರ ಕಂಪನಿಗೆ ಒಬ್ಬರ ಕಂಪನಿ ಆಗೋದಿಲ್ಲ. ಇಲ್ಲಿ ಒಂದೇ ಚಾಪೆ. ಕಂಪನಿ ಗುಟ್ಟು ಬಾಯಿ ಬಿಡೋದಿಲ್ಲ, ಆದರೆ ಮೆಷಿನ್ ಕೈಕೊಟ್ಟಾಗ ಏನು ಮಾಡಬೇಕು ಅನ್ನೋದನ್ನ ಯಾರು ಕೇಳಿದರೂ ಹೇಳ್ತಾರೆ.

ಅವರಲ್ಲಿ ಹಿರಿಯರು ಶ್ರೀಕಂಠಯ್ಯನವರು, ಔಷಧಿ ಕಂಪನಿಯಲ್ಲಿ ಇದೇ ಕೆಲಸ ಮಾಡಿ ರಿಟೈರ್ ಆದವರು, ಬಸವೇಶ್ವರನಗರದಿಂದ ನಡೆದೇ ಬರ್ತಾರೆ. ಆಮೇಲೆ ನಸೀಮಾ, ವಿಜಯನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳೋಳು. ಮಂಜು ಅಂತ ಇನ್ನೊಬ್ಬ, ಊರಿನ ಅರ್ಧ ಮೆಷಿನ್ ಬಿಚ್ಚಿ ಜೋಡಿಸಿರೋನು. ಉಳಿದವರು ಬರ್ತಾ ಹೋಗ್ತಾ ಇರ್ತಾರೆ.

ಕಾಫಿ ನನ್ನದು. ಹಿತ್ತಾಳೆ ಫಿಲ್ಟರಿನಲ್ಲಿ ಮೊದಲು ಇಳಿಯೋ ಡಿಕಾಕ್ಷನ್ನೇ ಗಟ್ಟಿ, ಆಮೇಲಿನದೆಲ್ಲ ನೀರು. ಆ ಮೊದಲನೇ ಲೋಟ ಯಾರಿಗೆ ಅಂತ ಶ್ರೀಕಂಠಯ್ಯನವರು ಒಂದು ಪದ್ಧತಿ ಮಾಡಿದ್ದಾರೆ. ಆ ತಿಂಗಳು ಕೆಲಸದಲ್ಲಿ ತಪ್ಪು ಮಾಡಿದವರು ಎದ್ದುನಿಂತು ಹೇಳಬೇಕು, ಹೇಳಿದವರಿಗೆ ಆ ಲೋಟ.

"ಇದೆಂಥ ಮರ್ಯಾದೆ ಸ್ವಾಮಿ?" ಅಂದೆ ನಾನು.

"ಸರಿಯಾಗಿದ್ದನ್ನ ಎಲ್ಲರೂ ಪುಸ್ತಕದಲ್ಲಿ ಬರೀತಾರಮ್ಮ" ಅಂದರು. "ತಪ್ಪನ್ನ ಯಾರೂ ಬರೆಯಲ್ಲ. ಒಬ್ಬ ಮುಚ್ಚಿಟ್ಟ ತಪ್ಪಿಗೇ ಇನ್ನೊಬ್ಬ ಹೋಗಿ ಬೀಳ್ತಾನೆ."

ತಪ್ಪು ಹೇಳಿ ಮುಗಿಸೋ ತನಕ ಯಾರೂ ನಗೋ ಹಾಗಿಲ್ಲ, ಮುಗಿದ ಮೇಲೆ ನಗಬಹುದು. 'ಪರವಾಗಿಲ್ಲ' ಅಂತ ಮಾತ್ರ ಯಾರೂ ಹೇಳಕೂಡದು. ಮಂಜು ಒಂದು ಸಲ ಗೋಪುರ ಯಾಕೆ ಬರ್ತಿಲ್ಲ ಅಂತ ಮೆಷಿನ್ನಿನ ಹೊಟ್ಟೆಯೆಲ್ಲ ಬಿಚ್ಚಿ ಹರಡಿದ್ದನಂತೆ, ಕೊನೆಗೆ ನೋಡಿದರೆ ಶೀಶೆಯೇ ಖಾಲಿ. ಶ್ರೀಕಂಠಯ್ಯನವರೇ ಹರೆಯದಲ್ಲಿ ಔಷಧಿಯಲ್ಲಿ ಹೊಸ ವಸ್ತು ಕಂಡುಹಿಡಿದೆ ಅಂತ ಮೇಲಿನವರಿಗೆಲ್ಲ ಹೇಳಿ, ಅದು ಬಾಟ್ಲಿ ಮುಚ್ಚಳದ ರಬ್ಬರಿಂದ ಇಳಿದದ್ದು ಅಂತ ಆಮೇಲೆ ಗೊತ್ತಾಗಿ ತಲೆಮರೆಸ್ಕೊಂಡು ಓಡಾಡಿದ್ದರಂತೆ. ಈಗ ಅದನ್ನ ಹೇಳಿ ಲೋಟ ಎತ್ತಿ ಕುಡೀತಾರೆ.

ನಮ್ಮ ಮನೆತನದವರು ಹಾಲು ಉಕ್ಕಿದರೂ ತಪ್ಪನ್ನ ಬೆಕ್ಕಿನ ಮೇಲೆ ಹಾಕಿದ ಜನ. ನನಗೆ ಇದು ವಿಚಿತ್ರವಾಗಿತ್ತು. ಇನ್ನೊಂದು ಮಾತು. ನನ್ನ ಸೊಸೆ ಒಂದು ಸಲವೂ ಆ ಲೋಟ ಮುಟ್ಟಿರಲಿಲ್ಲ. ನನಗೆ ಅದೇ ಜಂಬ. ಎಲ್ಲರಿಗೂ ಒಂದಲ್ಲ ಒಂದು ಸಲ ಮೊದಲನೇ ಲೋಟ, ನಮ್ಮ ಪುಷ್ಪನಿಗೆ ಯಾವಾಗಲೂ ನೀರು ಕಾಫಿ.

ಒಂದು ದಿನ ಬೆಳಿಗ್ಗೆ ಬಾಗಿಲು ಗುಡಿಸ್ತಾ ಇದ್ದೆ. ಗಟ್ಟಿಮುಟ್ಟಾದ ಒಬ್ಬ ಹೆಂಗಸು ಆಟೋ ಇಳಿದು ಗೇಟಿನ ಮುಂದೆ ನಿಂತಳು. ಸುಂಕದಕಟ್ಟೆಯಲ್ಲಿ ಖಾರದ ಪುಡಿ ಗಿರಣಿ ಇಟ್ಟಿರೋ ಶಿವಲೀಲಾ, ಹಾವೇರಿ ಕಡೆಯವಳು. ತನ್ನ ಕಡೆಯಿಂದ ಮೆಣಸಿನಕಾಯಿ ತರಿಸಿ ಪುಡಿ ಮಾಡಿ ಅಂಗಡಿಗಳಿಗೆ ಹಾಕ್ತಾಳೆ ಅಂತ ಆಮೇಲೆ ಗೊತ್ತಾಯ್ತು.

"ಯಾರ್ರೀ ಇಲ್ಲೆ ಪುಷ್ಪಾ ಅನ್ನಾಕಿ? ನನ್ನ ಖಾರದ ಪುಡ್ಯಾಗ ಬಣ್ಣ ಐತಿ ಅಂತ ಬರದಾಳಂತ. ಹೊರಗ ಕರೀರಿ ಆಕಿನ್ನ."

ಪುಷ್ಪ ಆಗಲೇ ಕೆಲಸಕ್ಕೆ ಹೋಗಿದ್ದಳು. "ಬೀದೀಲಿ ನಿಂತು ಕೂಗಿದ್ರೆ ಬಣ್ಣ ಹೋಗುತ್ತೇನಮ್ಮ?" ಅಂದೆ. "ನನ್ನ ಸೊಸೆ ಇದೆ ಅಂತ ಬರೆದ ಮೇಲೆ ಇರುತ್ತೆ."

"ನಿಮ್ಮ ಸೊಸಿ ಏನ್ ದೇವರೇನ್ರೀ?"

"ದೇವರಲ್ಲ. ದೇವರ ಹತ್ರ ಮೆಷಿನ್ ಎಲ್ಲಿದೆ?"

"ದೊಡ್ಡ ಅಂಗಡಿಯವರು ಮಾಲು ಬ್ಯಾಡ ಅಂದ್ರು. ಅವರನ್ನ ನೋಡಿ ಉಳಿದವರೂ ಬ್ಯಾಡ ಅಂದ್ರು. ಯಾರ ಕಡೆ ಎಷ್ಟು ರೊಕ್ಕ ತಿಂದು ಬರದಾಳ ಅಂತ ಕೇಳ್ರಿ ನಿಮ್ಮ ಸೊಸೀನ."

ಆ ಮಾತಿಗೆ ನಾನು ಪೊರಕೆ ಎತ್ತಿದೆ. ಅವಳೂ ಹೆದರೋಳಲ್ಲ, ಇನ್ನೊಂದಿಷ್ಟು ಬೈದೇ ಹೋದಳು. ಹೋಗ್ತಾ ಹೋಗ್ತಾ ಮಾಗಡಿ ರಸ್ತೆಯ ಅಂಗಡಿ ಅಂಗಡಿಯಲ್ಲೂ ಅದನ್ನೇ ಹೇಳ್ಕೊಂಡು ಹೋದಳಂತೆ.

ಸಂಜೆ ಪುಷ್ಪ ಬಂದಾಗ ನಾನು ಇದನ್ನೆಲ್ಲ ರುಚಿಯಾಗಿ ಹೇಳಿದೆ. ಪೊರಕೆಯನ್ನ ಇನ್ನೊಂದು ಗೇಣು ಮೇಲೆ ಎತ್ತಿ ಹೇಳಿದೆ. ಅವಳು ನಗಲಿಲ್ಲ. "ಖಾರದ ಪುಡೀನಾ? ಕರೆಂಟ್ ಹೋಗಿತ್ತಲ್ಲ, ಅವತ್ತಿನದಾ?" ಅಂದಳು. ತಟ್ಟೆ ಅಲ್ಲೇ ಬಿಟ್ಟಳು.

ಮಾರನೇ ದಿನ ಲ್ಯಾಬಿಗೆ ಹೋಗಿ ಹಳೇದನ್ನೆಲ್ಲ ತೆಗೆದು ನೋಡಿ ಬಂದಳು. ಮುಖ ಬೂದಿಯಾಗಿತ್ತು. ಆಗಿದ್ದು ಇಷ್ಟು. ಆ ದಿನ ಶಿವಲೀಲಾಳ ಪುಡಿಗಿಂತ ಮುಂಚೆ ಬೇರೆ ಯಾರದೋ ಪುಡಿ ಮೆಷಿನ್ನಿಗೆ ಹೋಗಿತ್ತು. ಅದರಲ್ಲಿ ನಿಜವಾಗಿಯೂ ಕೆಂಪು ಬಣ್ಣ ಕಲೆಸಿದ್ದರು, ಮನಸ್ಸು ಬಂದಷ್ಟು. ಹಾಗಿದ್ದಾಗ ನಡುವೆ ಏನೂ ಇಲ್ಲದ ಬರೀ ದ್ರವ ಒಂದು ಸಲ ಓಡಿಸಿ, ಮೆಷಿನ್ ಶುದ್ಧ ಇದೆ ಅಂತ ನೋಡ್ಕೊಂಡು ಮುಂದಕ್ಕೆ ಹೋಗಬೇಕು. ಅದಕ್ಕೆ ಬ್ಲಾಂಕು ಅಂತಾರೆ. ಹೊಸ ಹುಡುಗೀರಿಗೆ ಪುಷ್ಪ ಕಲಿಸೋ ಮೊದಲನೇ ಪಾಠವೇ ಅದು. ಆ ದಿನ ನಡುವೆ ಕರೆಂಟ್ ಹೋಯ್ತು. ಬಂದ ಮೇಲೆ ಮೆಷಿನ್ ಮತ್ತೆ ಶುರು ಮಾಡೋವಾಗ ಬ್ಲಾಂಕ್ ಬಿಟ್ಟುಹೋಯ್ತು, ನೇರವಾಗಿ ಶಿವಲೀಲಾಳ ಪುಡಿಯಿಂದ ಶುರು ಮಾಡಿದಳು. ಹಿಂದಿನದರ ಬಣ್ಣ ಮೆಷಿನ್ನಿಗೆ ಮಾಲು ಬಿಡೋ ಸೂಜಿಯೊಳಗೆ ಅಂಟಿಕೊಂಡಿದ್ದರೆ ಅದೇ ಇದರ ಜೊತೆ ಹೋಗಿರುತ್ತೆ. ಹುಳಿಗೆ ಅದ್ದಿದ ಸೌಟನ್ನ ತೊಳೆಯದೆ ಪಾಯಸಕ್ಕೆ ಅದ್ದಿದ ಹಾಗೆ.

"ಹಾಗಾದ್ರೆ ಅವಳ ಪುಡೀಲಿ ಬಣ್ಣ ಇಲ್ವಾ?" ಅಂದೆ.

"ಗೊತ್ತಿಲ್ಲ ಅತ್ತೆ. ಇದ್ರೂ ಇರಬಹುದು, ಇಲ್ದೇನೂ ಇರಬಹುದು. ಆದ್ರೆ 'ಇದೆ' ಅಂತ ಬರೆಯೋ ಹಕ್ಕು ನನಗಿರ್ಲಿಲ್ಲ."

ಲ್ಯಾಬಿನ ಯಜಮಾನನಿಗೆ ಅವಳು ಆಗಲೇ ಹೇಳಿದ್ದಳು. ಅವನು, "ಹೋದದ್ದು ಹೋಯ್ತು, ಕೆದಕಬೇಡ. ಕೆದಕಿದ್ರೆ ಲ್ಯಾಬಿನ ಹೆಸರೂ ಹೋಗುತ್ತೆ, ನಿನ್ನ ಕೆಲಸಾನೂ ಹೋಗುತ್ತೆ" ಅಂದನಂತೆ. ನನ್ನ ಮಗ ಕುಮಾರನೂ ಅದೇ ರಾಗ ಹಾಡಿದ. "ಸುಮ್ನಿರು ಪುಷ್ಪ. ಯಾರಿಗೂ ಗೊತ್ತಾಗಿಲ್ಲ."

"ನನಗೆ ಗೊತ್ತಾಗಿದೆಯಲ್ಲ" ಅಂದಳು ಅವಳು.

ಆಮೇಲೆ ತಟ್ಟೆ ಮುಂದೆ ಕೂತಳು. ಉಣ್ಣಲಿಲ್ಲ. ನಾನು ನೋಡಿದೆ, ನೋಡಿದೆ. "ಈ ಭಾನುವಾರ ಕೊಳವೆಯವರು ಬರ್ತಾರಲ್ಲ" ಅಂದೆ. "ಮೊದಲನೇ ಲೋಟ ನಿನಗೆ ಎತ್ತಿಡ್ತೀನಿ."

"ಅಮ್ಮ, ನೀನು ಸುಮ್ನಿರು" ಅಂದ ಕುಮಾರ.

"ನಾನು ಸುಮ್ನಿದ್ದಿದ್ರೆ ಈ ಮನೆ ಕಟ್ತಿದ್ರೇನೋ" ಅಂದೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ಅವಳು ಉಣ್ಣದೆ ಕೂತರೆ ಮಾಡಿದ ಸಾರು ಹಳಸುತ್ತೆ.

ಭಾನುವಾರ ಎಲ್ಲ ಬಂದು ಕೂತರು. ಕೆಳಗಡೆ ಲೇತ್ ರಜ, ಬೀದಿ ನಿಶ್ಶಬ್ದ. ಪುಷ್ಪ ಎದ್ದುನಿಂತು ಮೊದಲಿಂದ ಕೊನೆಯವರೆಗೂ ಹೇಳಿದಳು. ಕರೆಂಟ್ ಹೋದದ್ದು ಹೇಳಿದಳು, ಆದರೆ ತಪ್ಪನ್ನ ಕರೆಂಟಿನ ಮೇಲೆ ಹಾಕಲಿಲ್ಲ. ಮುಗಿದ ಮೇಲೂ ಯಾರೂ ನಗಲಿಲ್ಲ.

"ಕರೆಂಟ್ ಬಂದ ಮೇಲೆ ಸೂಜಿ ತೊಳೆದ್ಯಾ?" ಅಂದರು ಶ್ರೀಕಂಠಯ್ಯನವರು.

"ಇಲ್ಲ ಸಾರ್."

"ಅದೇ ಪುಡಿ ಗಿರಣೀಲಿ ಉಳಿದಿರುತ್ತಾ?" ಅಂದಳು ನಸೀಮಾ.

"ಅದೇ ದಿನ ಕುಟ್ಟಿದ್ದು ಸೀಲ್ ಮಾಡಿರೋ ಪ್ಯಾಕೆಟ್ ಇರುತ್ತೆ. ಕೇಳಬೇಕು. ಯಾವ ಮುಖ ಇಟ್ಕೊಂಡು ಕೇಳಲಿ?"

"ಇರೋ ಮುಖಾನೇ ಇಟ್ಕೊಂಡು ಕೇಳಿ ಮೇಡಂ" ಅಂದ ಮಂಜು.

'ಪರವಾಗಿಲ್ಲ' ಅಂತ ಒಬ್ಬರೂ ಹೇಳಲಿಲ್ಲ. ನಾನು ಲೋಟ ಕೊಟ್ಟೆ. ಅವಳು ಲೋಟದ ಕಡೆ ನೋಡದೆ ಇಸ್ಕೊಂಡಳು, ಅರ್ಧ ಕಾಫಿ ನನ್ನ ಹೊಸ ಚಾಪೆ ಮೇಲೆ ಚೆಲ್ಲಿತು. ಆ ಕಲೆ ಇನ್ನೂ ಹೋಗಿಲ್ಲ. ಉಳಿದದ್ದನ್ನ ಕುಡಿದಳು.

ಅಲ್ಲೇ ತೀರ್ಮಾನ ಆಯ್ತು. ಪುಡಿಯನ್ನ ಬೇರೆ ಎರಡು ಕಡೆ ಪರೀಕ್ಷೆ ಮಾಡೋದು. ಒಂದು ನಸೀಮಾ ಕಾಲೇಜಿನಲ್ಲಿ, ಪ್ರಿನ್ಸಿಪಾಲರ ಒಪ್ಪಿಗೆ ತಗೊಂಡು. ಇನ್ನೊಂದು ರಾಜಾಜಿನಗರದಲ್ಲಿ ಶ್ರೀಕಂಠಯ್ಯನವರ ಶಿಷ್ಯನ ಲ್ಯಾಬಿನಲ್ಲಿ. ಪುಷ್ಪ ಹತ್ತಿರ ಸುಳಿಯಕೂಡದು. ಅದರ ಜೊತೆ ಬಣ್ಣ ಹಾಕಿದ್ದೊಂದು, ಹಾಕದ್ದೊಂದು ಇಟ್ಟು, ಯಾವುದು ಯಾವುದು ಅಂತ ಮಂಜು ಒಬ್ಬನಿಗೇ ಗೊತ್ತಿರಬೇಕು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನ ನೋಡುತ್ತಂತೆ.

ಸುಂಕದಕಟ್ಟೆಗೆ ಪುಷ್ಪನ ಜೊತೆ ನಾನೂ ಹೊರಟೆ. "ನೀವ್ಯಾಕೆ ಅತ್ತೆ?" ಅಂದಳು. "ಪೊರಕೆ ಎತ್ತಿದೋಳು ನಾನು" ಅಂದೆ.

ಖಾರದ ಪುಡಿ ಗಿರಣಿ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ, ರಸ್ತೆಯಲ್ಲೇ ಸೀನು ಬರುತ್ತೆ. ಆ ದಿನ ಬಾಗಿಲಿಗೆ ಹೋದರೂ ನನಗೆ ಸೀನು ಬರಲಿಲ್ಲ. ಮೆಷಿನ್ನಿಗೆ ಗೋಣಿತಟ್ಟು ಮುಚ್ಚಿ ಶಿವಲೀಲಾ ಒಬ್ಬಳೇ ಕೂತಿದ್ದಳು.

ಪುಷ್ಪ ಸುತ್ತಿಬಳಸಲಿಲ್ಲ. "ಅಕ್ಕ, ನನ್ನಿಂದ ತಪ್ಪಾಗಿದೆ" ಅಂತಲೇ ಶುರು ಮಾಡಿದಳು. ಶಿವಲೀಲಾ ಕೊನೆಯವರೆಗೂ ಕೇಳಿದಳು.

"ಅಂದ್ರ ನನ್ನ ಪುಡಿ ಚೊಲೊ ಐತಿ ಅಂತೀರೇನು?"

"ಅದನ್ನೂ ಈಗ ಹೇಳೋಕೆ ಬರಲ್ಲ ಅಕ್ಕ. ಮತ್ತೆ ನೋಡಬೇಕು. ಬಣ್ಣ ಇದ್ರೆ ಅವರು ಇದೆ ಅಂತಾನೇ ಬರೀತಾರೆ, ನನ್ನ ಮುಖ ನೋಡಲ್ಲ."

ಶಿವಲೀಲಾ ನನ್ನ ಕಡೆ ನೋಡಿದಳು. "ಪೊರಕಿ ತಂದೀರೇನ್ರೀ ಅಮ್ಮಾರ?"

"ಬಸ್ಸಲ್ಲಿ ಬಿಡಲಿಲ್ಲ" ಅಂದೆ.

ಅವಳು ನಗಲಿಲ್ಲ, ಆದರೆ ಎದ್ದಳು. "ನಾ ಹಾಕಿದ್ರ ಇರಬೇಕಲ್ಲ. ಒಯ್ರಿ. ನಾನೂ ಬಂದು ನೋಡತೇನಿ."

ಕಾಲೇಜಿನ ಲ್ಯಾಬಿನಲ್ಲಿ ನನ್ನನ್ನೂ ಶಿವಲೀಲಾಳನ್ನೂ ಎರಡು ಸ್ಟೂಲಿನ ಮೇಲೆ ಕೂರಿಸಿದರು. ಪುಷ್ಪ ಬಾಗಿಲ ಹೊರಗೇ ನಿಂತಳು. ಕಂಪ್ಯೂಟರಿನಲ್ಲಿ ಒಂದು ಗೆರೆ ಇರುವೆ ಸಾಲಿನ ಹಾಗೆ ತೆವಳ್ತಾ ಬಂತು. ಮೊದಲು ಬ್ಲಾಂಕು. ಆಮೇಲೆ ಒಂದೊಂದೇ ಪುಡಿ, ನಡುವೆ ಮತ್ತೆ ಬ್ಲಾಂಕು. ಬಣ್ಣ ಇದ್ದರೆ ಎಲ್ಲಿ ಏಳಬೇಕು ಅನ್ನೋ ಜಾಗ ನಸೀಮಾ ಬೆರಳಿಟ್ಟು ತೋರಿಸಿದ್ದಳು. ಒಂದು ಪುಡಿಗೆ ಅಲ್ಲಿ ಗೋಪುರ ಎದ್ದೇಬಿಟ್ಟಿತು. ಶಿವಲೀಲಾ ನನ್ನ ಕೈ ಹಿಡಿದಳು, ಗಿರಣಿ ನಡೆಸಿದ ಕೈ, ನನ್ನ ಮೂಳೆ ಲಟಕ್ ಅಂತು. ಉಳಿದ ಎರಡಕ್ಕೆ ಅಲ್ಲಿ ಏನೂ ಇಲ್ಲ. ನೆಲ ಸಾರಿಸಿದ ಹಾಗೆ ನೆಟ್ಟಗೆ ಗೆರೆ.

ಮಂಜು ಜೇಬಿಂದ ಚೀಟಿ ತೆಗೆದ. ಗೋಪುರ ಎದ್ದದ್ದು ಅವನೇ ಬಣ್ಣ ಹಾಕಿ ಇಟ್ಟಿದ್ದ ಪುಡಿ.

"ಹಂಗಾರ ನಂದರಾಗ ಏನೂ ಇಲ್ಲಲ್ರೀ?" ಅಂದಳು ಶಿವಲೀಲಾ.

"ಏನೂ ಇಲ್ಲ" ಅಂದಳು ನಸೀಮಾ.

ಹುಟ್ಟಿದಾಗಿಂದ ನೋಡಿದ್ದೀನಿ, ಮನೆಗೆ ಏನಾದರೂ ಬಂದರೆ ಜನ ಹಿಗ್ಗುತ್ತಾರೆ. ಇಷ್ಟು ಓದಿದ ಜನ ಏನೂ ಬರಲಿಲ್ಲ ಅಂತ ಒಬ್ಬರ ಕೈ ಒಬ್ಬರು ಕುಲುಕ್ತಾ ನಿಂತಿದ್ದನ್ನ ಆ ದಿನವೇ ನಾನು ನೋಡಿದ್ದು. ಶಿವಲೀಲಾ ಎದ್ದು ಹೋಗಿ ಬಾಗಿಲು ತೆಗೆದಳು. "ಯಾಕ ಹೊರಗ ನಿಂತೀರಿ? ಒಳಗ ಬರ್ರಿ" ಅಂದಳು.

ರಾಜಾಜಿನಗರದಲ್ಲೂ ಅದೇ ಬಂತು. ಎರಡನ್ನೂ ಹಿಡ್ಕೊಂಡು ಪುಷ್ಪ ಯಜಮಾನನ ಹತ್ತಿರ ಹೋದಳು. ಕೊಳವೆಯವರೂ ಹೋದರು. ಜಗಳಕ್ಕಲ್ಲ, ಸುಮ್ಮನೆ ಜೊತೆಗೆ. ಅವನು ಕೂಗಾಡಿದ, ಆಮೇಲೆ ಅವರ ಮುಂದೆಯೇ ತನ್ನ ಮೆಷಿನ್ನಿನಲ್ಲೂ ಬ್ಲಾಂಕ್ ಹಾಕಿಸಿ ನೋಡಿಸಿದ, ಹಳೇದು ತಪ್ಪು ಅಂತ ಹೊಸದಾಗಿ ಬರೆದು ದೊಡ್ಡ ಅಂಗಡಿಯವರಿಗೆ ಕಳಿಸಿದ. ಅವರು ಮಾಲು ಮತ್ತೆ ತಗೊಂಡರು. ಸಣ್ಣ ಅಂಗಡಿಯವರು ಕೆಲವರು ತಗೊಳ್ಳಲಿಲ್ಲ. ಕೆಲಸದಿಂದ ಪುಷ್ಪನನ್ನ ತೆಗೆಯಲಿಲ್ಲ, ಆದರೆ ಬಹಳ ದಿನ ರಿಪೋರ್ಟಿಗೆ ಸೈನ್ ಮಾಡೋ ಹಾಗಿರಲಿಲ್ಲ. ತಾನೇ ಕೆಲಸ ಕಲಿಸಿದ ಹುಡುಗಿ ಸೈನ್ ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಬೇಕಿತ್ತು. ಪುಷ್ಪನಿಗೆ ಉರೀತಾ ಇರಲಿಲ್ಲ ಅಂದರೆ ಸುಳ್ಳಾಗುತ್ತೆ. ಉರೀತಿತ್ತು. ಆದರೆ ಉಣ್ತಿದ್ದಳು.

ಈಗ ಮತ್ತೆ ಅವಳದ್ದೇ ಸೈನು. ಜೊತೆಗೆ ಇನ್ನೊಂದು ಆಗಿದೆ. ಕರೆಂಟ್ ಹೋಗಿ ಬಂದರೆ ಎಲ್ಲೇ ನಿಂತಿರಲಿ, ಮೊದಲು ಸೂಜಿ ತೊಳೆದು ಬ್ಲಾಂಕ್ ಹಾಕಬೇಕು ಅನ್ನೋದನ್ನ ಕೊಳವೆಯವರು ತಮ್ಮ ತಮ್ಮ ಕಡೆ ನಿಯಮ ಮಾಡ್ಕೊಂಡಿದ್ದಾರೆ. ಅದಕ್ಕೆ ಅವರು ಇಟ್ಟಿರೋ ಹೆಸರು 'ಪುಷ್ಪನ ಬ್ಲಾಂಕು'. ಪೀಣ್ಯದಲ್ಲಿ ಅವಳ ಮುಖ ನೋಡದ ಹುಡುಗರೂ ಹಾಗೇ ಅಂತಾರಂತೆ. ನಮ್ಮ ಮಾವ ಊರಿನ ಯಜಮಾನರು, ಅವರ ಹೆಸರಲ್ಲಿ ಒಂದು ಅಡ್ಡರಸ್ತೆ ಇತ್ತು. ಬೋರ್ಡು ತುಕ್ಕು ಹಿಡಿದು ಬಿದ್ದುಹೋಯ್ತು, ಯಾರೂ ಎತ್ತಿ ನಿಲ್ಲಿಸಲಿಲ್ಲ. ಸೊಸೆ ಹೆಸರು ಕರೆಂಟ್ ಹೋದಾಗೆಲ್ಲ ಜನರ ಬಾಯಲ್ಲಿ ಬರುತ್ತೆ, ನಮ್ಮ ಊರಲ್ಲಿ ಕರೆಂಟ್ ಹೋಗೋದಕ್ಕೇನು ಕಡಿಮೆ. ಅವಳು ತಪ್ಪೇ ಮಾಡೋಳಲ್ಲ ಅಂತ ನಾನು ಪಡ್ತಿದ್ದ ಜಂಬ ಇದರ ಮುಂದೆ ಏನೂ ಅಲ್ಲ.

ಆ ಹೊಸ ರಿಪೋರ್ಟು ಹೋದ ಮುಂದಿನ ತಿಂಗಳ ಸಭೆಗೆ ಶ್ರೀಕಂಠಯ್ಯನವರು ಶಿವಲೀಲಾಳನ್ನೂ ಕರೆದಿದ್ದರು. ಹೊತ್ತಾದರೂ ಅವಳು ಬರಲಿಲ್ಲ. ಮೊದಲನೇ ಲೋಟ ತಂದು ನಡುವೆ ಇಟ್ಟೆ. ಯಾರ ತಪ್ಪು ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡ್ಕೊಂಡರು, ಆ ತಿಂಗಳು ಯಾರೂ ಎಡವಿರಲಿಲ್ಲವೋ, ಹೇಳೋ ಧೈರ್ಯ ಇರಲಿಲ್ಲವೋ. ಕಾಫಿ ಮೇಲೆ ಕೆನೆ ಕಟ್ತು. ಅವರು ಗಾಳಿಯಲ್ಲಿ ಗೋಪುರ ಬರೆಯೋಕೆ ಶುರು ಮಾಡಿದರು.

ಬಿಸಿಲೇರಿದ ಮೇಲೆ ಮೆಟ್ಟಿಲಲ್ಲಿ ಏದುಸಿರು ಕೇಳಿಸ್ತು. ಕೈಯಲ್ಲಿ ಖಾರದ ಪುಡಿ ಡಬ್ಬಿ ಹಿಡ್ಕೊಂಡು ಶಿವಲೀಲಾ ಬಂದಳು.

"ತಡ ಆತ್ರೀ" ಅಂದಳು. ಕೂರಲಿಲ್ಲ. "ತಪ್ಪು ಹೇಳವ್ರು ಇಲ್ಲೆ ನಿಂತು ಹೇಳಬೇಕಂತಲ್ರೀ. ನಂದೂ ಒಂದೈತಿ. ಈಕಿ ರೊಕ್ಕ ತಿಂದು ಬರದಾಳ ಅಂತ ಈ ರಸ್ತಾದಾಗ ಕಂಡ ಕಂಡ ಅಂಗಡ್ಯಾಗ ಹೇಳಿದ್ದೆ. ಅದು ಸುಳ್ಳಂತ ಹೇಳಬೇಕಲ್ಲ, ಮುಂಜಾನೆಯಿಂದ ಒಂದೊಂದ ಅಂಗಡಿಗೆ ನಿಂತು ಹೇಳ್ಕೋತ ಬಂದೆ. ಬೈಯಾಕ ನಿಂತಾಗ ಯಾರೂ ಏನೂ ಕೇಳಲಿಲ್ಲ. ಈಗ ಕುಂಡರಿಸಿ ಕುಂಡರಿಸಿ ಕೇಳ್ತಾರ್ರೀ, ಹೆಂಗಾತು, ಯಾಕಾತು ಅಂತ."

ಬಾಗಿಲು ಬಾಗಿಲಿಗೂ ನಿಂತು ಬಂದವರು ತಡವಾಗಿಯೇ ಬರ್ತಾರೆ. ಪುಷ್ಪ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಶ್ರೀಕಂಠಯ್ಯನವರು ನಡುವೆ ಇದ್ದ ಲೋಟವನ್ನ ಶಿವಲೀಲಾಳ ಮುಂದಕ್ಕೆ ಸರಿಸಿದರು.

"ಆರೇತಲ್ರೀ ಇದು" ಅಂದಳು.

"ನಿನಗೇ ಕಾದು ಆರಿದೆ. ಕುಡಿ" ಅಂದೆ. ಬಿಸಿ ಮಾಡಿ ಕೊಡಲಿಲ್ಲ.

ಕುಡಿದಳು. ಯಾರೂ 'ಪರವಾಗಿಲ್ಲ' ಅನ್ನಲಿಲ್ಲ. ಲೋಟ ಕೆಳಗಿಟ್ಟು ಸೆರಗು ಕೊಡವಿ ಕೂತಳು. ಆ ಸೆರಗಿಂದ ಹೊಸ ಖಾರದ ಘಾಟು ಎದ್ದು ಮೊದಲು ಪುಷ್ಪ ಸೀನಿದಳು, ಆಮೇಲೆ ನಸೀಮಾ, ಆಮೇಲೆ ಚಾಪೆ ಮೇಲಿದ್ದವರೆಲ್ಲ. ಗಿರಣಿ ನಡೀತಾ ಇದೆ ಅಂತ ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.